ಅಮ್ಮ ಎತ್ತಿ ಕುಡಿದ ವೈನ್

ಅಮ್ಮ ಗಾಜಿನ ಲೋಟವನ್ನು ತುಟಿಗೆ ತಾಗಿಸಲಿಲ್ಲ. ಮನೆಯಲ್ಲಿ ನೀರು ಕುಡಿಯುವಂತೆ ತಲೆಯೆತ್ತಿ, ಗೇಣು ಎತ್ತರದಿಂದ ವೈನನ್ನು ಬಾಯಿಗೆ ಸುರಿದುಕೊಂಡಳು. ಒಂದು ಹನಿಯೂ ಸೀರೆಗೆ ಬೀಳಲಿಲ್ಲ. ರುಚಿ ನೋಡಲು ಕೊಡುತ್ತಿದ್ದ ಯುವತಿ "ಮೊದಲು ವಾಸನೆ ನೋಡಿ ಆಂಟಿ" ಎನ್ನುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.

"ಒಗರು. ನೇರಳೆಹಣ್ಣು ತಿಂದಂಗೈತೆ" ಎಂದಳು ಅಮ್ಮ.

ಹಿಂದೂಪುರದಿಂದ ನಂದಿಬೆಟ್ಟದ ಕಡೆಯ, ವೈನ್ ತಯಾರಿಸುವ ಆ ದ್ರಾಕ್ಷಿತೋಟಕ್ಕೆ ಅಪ್ಪ ಅಮ್ಮನನ್ನು ನಾನೇ ಕರೆದೊಯ್ದಿದ್ದೆ. ನಾನೂ ಒಂದು ಲೋಟ ಕುಡಿದೆ. ಅಪ್ಪ ತಮ್ಮ ಮೂರನೆಯ ಲೋಟ ಮುಗಿಸಿ ನನ್ನತ್ತ ಬಾಗಿದರು. "ನೀವಿಬ್ರೂ ಕುಡಿದಿದ್ದು ಕಲ್ಯಾಣದುರ್ಗದೋರಿಗೆ ಗೊತ್ತಾದ್ರೆ ಸಂಬಂಧ ಮುರಿದ್ಬೀಳ್ತದೆ ಕಣಮ್ಮ. ಯಾರ್ಗೂ ಹೇಳ್ಬ್ಯಾಡ."

ಕಲ್ಯಾಣದುರ್ಗದ ಹುಡುಗನೊಂದಿಗೆ ನನ್ನ ಮದುವೆ ನಿಶ್ಚಯವಾಗಿತ್ತು.

ಅಮ್ಮ ಅಪ್ಪನ ಕಡೆ ತಿರುಗಿದಳು. "ನಿಶ್ಚಿತಾರ್ಥದ ದಿನ ಅವ್ರ ಗಂಡಸ್ರೆಲ್ಲ ನಮ್ ಮಾಳಿಗೆ ಮ್ಯಾಲೆ ಕೂತು ಕುಡಿದ್ರಲ್ಲ? ನಾನೇ ಕಡ್ಲೇಕಾಯಿ ಹುರಿದು ಕಳಿಸ್ದೆ. ಆವಾಗ ಯಾಕೆ ಮುರೀಲಿಲ್ಲ?"

ಅಪ್ಪ ಖಾಲಿ ಲೋಟವನ್ನು ಆ ಯುವತಿಯತ್ತ ಚಾಚಿದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಆ ಹುಡುಗನಿಗೆ ನಾನೇ ಫೋನ್ ಮಾಡಿ, ನಾನೂ ಅಮ್ಮನೂ ವೈನ್ ಕುಡಿದೆವೆಂದು ಹೇಳಿದೆ. ನಿಮ್ಮ ಮನೆಯವರಿಗೂ ತಿಳಿಸಿ ಎಂದೆ.