ಪರಮೇಶ್ವರಿ ವಕೀಲರ ವಾದ ಕೆಡಿಸಿದ ಸಹಿ

ಪುತ್ತೂರಿನಲ್ಲಿ ಪರಮೇಶ್ವರಿ ವಕೀಲರ ಬಳಿ ನಾನು ಗುಮಾಸ್ತನಾಗಿ ಸೇರಿ ಹದಿನಾರು ವರ್ಷವಾಯಿತು. ಅವರಿಂದ ಈ ಚೆನ್ನಪ್ಪ ಬೈಸಿಕೊಳ್ಳದ ದಿನವಿಲ್ಲ. ಆದರೆ ಬೈಯಲೇಬೇಕಾದ ದಿನ ಅವರು ಬೈಯಲಿಲ್ಲ. ಆ ಸಂಕಟ ಈಗಲೂ ಹೋಗಿಲ್ಲ.

ಜಾಗದ ತಕರಾರು, ಚೆಕ್ ಬೌನ್ಸ್ ಹಿಡಿದು ಕೂತಿದ್ದರೆ ಅವರೂ ಉಳಿದವರ ಹಾಗೆ ಹಾಯಾಗಿರಬಹುದಿತ್ತು. ಅವರು ಹಟ ಹಿಡಿದದ್ದು ಆಸ್ಪತ್ರೆಯ ಒಂದು ಫಾರಂ ಮೇಲೆ. ಗರ್ಭ ತೆಗೆಸಲು ಹದಿನೆಂಟು ತುಂಬಿದ ಹೆಂಗಸಿನ ಸಹಿಯೊಂದೇ ಸಾಕು ಎನ್ನುತ್ತದೆ ಕಾನೂನು. ಆಸ್ಪತ್ರೆಯವರು ಅದರ ಕೆಳಗೆ ಗಂಡನ ಸಹಿಗೆಂದು ಇನ್ನೊಂದು ಗೆರೆ ಎಳೆದಿದ್ದರು. ಆ ಒಂದು ಗೆರೆ ಅಳಿಸಲು ಆರು ವರ್ಷ ನೋಟಿಸು ಟೈಪ್ ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಕಡಬದಿಂದ, ಸುಳ್ಯದಿಂದ ಹೆಂಗಸರು ಬರುತ್ತಿದ್ದರು, ಮನೆಯವರಿಗೆ ಹೆದರಿ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. "ಕೊನೆವರೆಗೆ ನಿಲ್ಲುವ ಒಬ್ಬಳು ಸಿಕ್ಕಿದ್ರೆ ಸಾಕು ಚೆನ್ನಪ್ಪ," ಎನ್ನುತ್ತಿದ್ದರು ಮೇಡಂ.

ಸಿಕ್ಕಿದಳು, ಸವಣೂರಿನ ಪ್ರೀತಿಕಾ. ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಅವಳು ಬದುಕಿದ್ದೇ ಹೆಚ್ಚು. ಕಾಪರ್-ಟಿ ಹಾಕಿಸಿಕೊಂಡಿದ್ದರೂ ಈಗ ಮತ್ತೆ ಹನ್ನೊಂದು ವಾರದ ಬಸುರಿ. ತೆಗೆಯಲು ಡಾಕ್ಟರು ಒಪ್ಪಿದ್ದರು, ಆಸ್ಪತ್ರೆಯ ಆಫೀಸಿನವರು ಬಿಡಲಿಲ್ಲ. ಗಂಡ ಉಲ್ಲಾಸ್ ಮಸ್ಕತ್ತಿನಲ್ಲಿದ್ದ. ಫೋನು ಮಾಡಿದರೆ "ಊರಿಗೆ ಬಂದ ಮೇಲೆ ನೋಡುವ" ಎನ್ನುತ್ತಿದ್ದ. ಅವನು ಬರುವುದು ನಾಲ್ಕು ತಿಂಗಳ ನಂತರ! ಹೊಟ್ಟೆ ಅಲ್ಲಿಯವರೆಗೆ ಕಾಯುತ್ತದೆಯೇ?

ಆ ಮಂಗಳವಾರ ಮೂವರೂ ಆಸ್ಪತ್ರೆಗೆ ಹೋದೆವು. ಕೌಂಟರಿನ ಹೆಂಗಸು ಫಾರಂ ನೋಡಿ, "ಗಂಡನ ಸೈನ್ ಇಲ್ಲದೆ ಆಗುದಿಲ್ಲ," ಅಂದಳು.

ಪ್ರೀತಿಕಾಳಿಗೆ ರೇಗಿತು. "ನಮ್ಮದು ಅಳಿಯಕಟ್ಟು, ಆಸ್ತಿ ತಾಯಿಯಿಂದ ಮಗಳಿಗೆ. ತಾಯಿಯ ಜಾಗ ನನ್ನ ಹೆಸರಿಗೆ ಆದದ್ದು. ರಿಜಿಸ್ಟ್ರಿಗೆ ನಾನೊಬ್ಬಳೇ ಸೈನ್ ಹಾಕಿದ್ದು, ಅಲ್ಲಿ ಗಂಡನನ್ನು ಯಾರೂ ಕೇಳ್ಲಿಲ್ಲ. ಜಾಗ ನನ್ನದು, ಹೊಟ್ಟೆ ಮಾತ್ರ ಅವರದ್ದಾ?"

ಮೇಡಂ ಕಾನೂನಿನ ಪ್ರತಿ ಹಿಡಿದು ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದರು. ಒಂದು ಗಂಟೆಯಾಯಿತು, ಎರಡಾಯಿತು. ಒಳಗಿಂದ ಅವರ ಸ್ವರ ಕೇಳುತ್ತಲೇ ಇತ್ತು. ಹೊರಗೆ ಪ್ರೀತಿಕಾ ಎರಡು ಸಲ ವಾಂತಿ ಮಾಡಿ ಗೋಡೆಗೆ ಒರಗಿ ಕೂತಳು. ಆಗ ಕೌಂಟರಿನವಳ ಕಣ್ಣು ನನ್ನ ಮೇಲೆ ಬಿತ್ತು.

"ಗಂಡಸರು ಉಂಟಲ್ಲ ಮಾರಾಯ್ರೆ! ನೀವೇ ಒಂದು ಸೈನ್ ಹಾಕಿ."

"ನಾನು ಇವರಿಗೆ ಎಂತ ಆಗ್ಬೇಕು?"

"ಎಂತಾದ್ರೂ ಬರೀರಿ. ಗಂಡಸರದ್ದು ಒಂದು ಸೈನ್ ಬೇಕು, ಅಷ್ಟೇ."

ಕಂಡವರ ಪತ್ರಕ್ಕೆಲ್ಲ ಸಾಕ್ಷಿ ಹಾಕಿ ಅಭ್ಯಾಸವಾದ ಕೈ ನನ್ನದು. ಪ್ರೀತಿಕಾ ಮೆಲ್ಲಗೆ, "ಹಾಕಿ ಅಣ್ಣ, ನನಗೆ ಸಾಕಾಯ್ತು," ಅಂದಳು. ಹಾಕಿದೆ. ಹತ್ತು ನಿಮಿಷದಲ್ಲಿ ಅವಳನ್ನು ಒಳಗೆ ಕರೆದುಕೊಂಡರು.

ಅಷ್ಟರಲ್ಲಿ ಮೇಡಂ ಹೊರಗೆ ಬಂದರು, ಹಿಂದೆಯೇ ಮ್ಯಾನೇಜರು. ಗಂಡನ ಸಹಿ ಬೇಡ ಎಂದು ಫಾರಂ ಮೇಲೆಯೇ ಬರೆದು ಕೊಡಲು ಪುಣ್ಯಾತ್ಮ ಪೆನ್ನು ಹಿಡಿದೇ ಬಂದಿದ್ದ. ಫಾರಂ ನೋಡಿದ. "ಸೈನ್ ಆಗಿದೆಯಲ್ಲ, ಇನ್ನೆಂತ?" ಎಂದು ಪೆನ್ನು ಕಿಸೆಗೆ ಸಿಕ್ಕಿಸಿ ಹಿಂದೆ ಹೋದ.

ಮೇಡಂ ಆ ಸಹಿಯನ್ನೂ ನನ್ನನ್ನೂ ನೋಡಿದರು. ಕಾನೂನಿನ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಪ್ರೀತಿಕಾ ಹುಷಾರಾದಳು. ಅದಕ್ಕಾಗಿ ನಾನು ಪಶ್ಚಾತ್ತಾಪ ಪಡಲಾರೆ, ಪಡದೇ ಇರಲೂ ಆಗುತ್ತಿಲ್ಲ. ಏಕೆಂದರೆ ಮುಂದಿನ ವಾರವೇ ಜಾಲ್ಸೂರಿನ ರಮ್ಲತ್ ಬಂದಳು, ಅದೇ ಫಾರಂ ಹಿಡಿದುಕೊಂಡು. ಮೇಡಂ ಆಸ್ಪತ್ರೆಗೆ ಫೋನು ಮಾಡಿದರು. ಆಚೆಯಿಂದ ಬಂದ ಉತ್ತರ ನನಗೂ ಕೇಳಿಸಿತು.

"ಅದಕ್ಕೆಂತ ಮೇಡಂ? ನಿಮ್ಮ ಗುಮಾಸ್ತರನ್ನು ಕಳ್ಸಿ."