ದಸ್ತಗೀರ್ ಸಾಬರ ಸೈನ್ಯ
ರಾಯಚೂರಿನ ಬಟ್ಟೆ ವ್ಯಾಪಾರಿ ದಸ್ತಗೀರ್ ಸಾಬರು ಅಂಗಡಿಯಲ್ಲಿ ಟೇಪು ಹಿಡಿದರೆ ಮೀಟರಿಗೆ ನಾಲ್ಕು ಬೆರಳು ಹೆಚ್ಚೇ ಹರಿದುಕೊಡುವ ಧಾರಾಳಿ. ಆದರೆ ಶುಕ್ರವಾರ ಅದೇ ಟೇಪು ಹಿಡಿದು ಊಟದ ಮೇಜಿನ ಮೇಲೆ ಗೊಂಬೆಗಳ ಯುದ್ಧದಾಟದಲ್ಲಿ ಸಿಕಂದರನ ಸೈನ್ಯ ನಡೆಸಲು ನಿಂತರೆಂದರೆ ಹೆತ್ತಪ್ಪನಿಗೂ ಕೂದಲೆಳೆಯಷ್ಟು ಜಾಗ ಬಿಡುವವರಲ್ಲ. ಬೆರಳುದ್ದದ ಸೀಸದ ಸಿಪಾಯಿಗಳ ಮೀಸೆಗೆ ಬಣ್ಣ ಹಚ್ಚಿ ಹಚ್ಚಿ ಅವರ ಕಣ್ಣು ಎಷ್ಟು ಚುರುಕಾಗಿದೆಯೆಂದರೆ, ಕೃಷ್ಣಾ ನದಿಯ ಆಚೆ ದಡದಲ್ಲಿ ಇರುವೆ ಕುಂಟಿದರೆ ಯಾವ ಕಾಲೆಂದು ಇಲ್ಲಿಂದಲೇ ಹೇಳಿಯಾರು. "ಆನಿ ಸರಸ್ರೀ, ಸಾರು ಎಲ್ಲಿಡ್ಲಿ?" ಎಂದು ಹೆಂಡತಿ ಸುಗ್ರಾ ಬೇಗಂ ಕೂಗಿದರೆ, "ಯುದ್ಧ ನಡದದ, ನೆಲಕ್ಕ ಕುಂತು ಉಣ್ಣೂಣು" ಎಂಬ ಉತ್ತರ; ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಮೇಜಿನ ಮೇಲೆ ಯಾರೂ ಉಂಡಿಲ್ಲ. ಆನೆಗಳು ಪೋರಸ್ ರಾಜನವು; ಅವನ್ನು ನಡೆಸಲು ಮಾನ್ವಿಯಿಂದ ಬಸ್ಸಿಗೆ ಬರುತ್ತಿದ್ದವನು ಕುರಿಗಾರ ಹನುಮಂತ್ರಾಯ, ಒಮ್ಮೆಯೂ ಗೆದ್ದವನಲ್ಲ. "ಅರ್ಧ ಇಂಚು ಜಾಸ್ತಿ ಆತು, ಹಿಂದ ತಗಿಯಲೇ!" ಎಂದು ಸಾಬರು ಟೇಪು ಎಳೆದರೆ, "ಆನಿ ಅದ ಸಾಬ್ರ, ಉಸಿರು ಬಿಟ್ರ ಅರ್ಧ ಇಂಚು ಹೋಗ್ತದ!" ಎನ್ನುತ್ತಿದ್ದ. ಯುಗಾದಿ ಹೊತ್ತಿಗೆ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು, ಮಾನ್ವಿಯಿಂದ ಬರುವುದೂ ನಿಂತಿತು. ಅರ್ಧಕ್ಕೆ ನಿಂತ ಯುದ್ಧದಲ್ಲಿ ಪಾಳಿ ಅವನದೇ. ದಾಳವನ್ನು ಯಾರೂ ಮುಟ್ಟಿಲ್ಲ. ಈಗಲೂ ಶುಕ್ರವಾರಕ್ಕೊಮ್ಮೆ ಸಾಬರು ಎರಡೂ ಸೈನ್ಯಗಳ ಧೂಳು ಒರೆಸುತ್ತಾರೆ. ಒರೆಸಿದ ಮೇಲೆ, ಟೇಪು ಹಿಡಿಯದೆಯೇ, ತಮ್ಮ ಕುದುರೆಗಳನ್ನು ಒಂದು ಬೆರಳು ಹಿಂದಕ್ಕಿಡುತ್ತಾರೆ. "ಆಂವ ಬಂದ ದಿನ ಗೆಲ್ಲಬೇಕಲ್ಲ, ಬೇಗಂ." ಹಿಂದೆ ಸರಿದೂ ಸರಿದೂ ಮೇಜಿನ ಅಂಚಿಗೆ ಎರಡೇ ಬೆರಳು ಉಳಿದಿದ್ದಾಗ, ಮೊನ್ನೆ ಸುಗ್ರಾ ಬೇಗಂ ತಮ್ಮ ಹೊಲಿಗೆ ಯಂತ್ರ ಇಳಿಸಿ, ಅದರ ಮೇಜನ್ನು ಎಳೆತಂದು, ಊಟದ ಮೇಜಿಗೆ ತಾಗಿಸಿ ಸಿಕಂದರನ ಸೈನ್ಯದ ಬೆನ್ನಿಗೆ ಜೋಡಿಸಿದರು.