ತೋಟದವ್ವ ಮತ್ತು ನುಚ್ಚಿನ ಮಷೀನು

ಅವಳ ನೆತ್ತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಸಿಂಬೆ ಇಟ್ಟು, ಅದರ ಮೇಲೆ ಹೊರೆ ಇಟ್ಟು, ಮದುವೆಯಾದ ವರ್ಷದಿಂದ ನಡೆದ ತಲೆ ಅದು. ಸವೆದು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಸೆರಗು ಜಾರಿದಾಗೆಲ್ಲ ನಾನು ಆ ಬೋಳನ್ನೇ ನೋಡುತ್ತಿದ್ದೆ. ಅದು ಗೊತ್ತಾಗಿ ಅವಳು, "ನೋಡವ್ವ ನೋಡು, ಅಲ್ಲಿ ಹುಲ್ಲೂ ಹುಟ್ಟಂಗಿಲ್ಲ" ಎಂದು ತಾನೇ ನಗುತ್ತಿದ್ದಳು.

ನಾವು ಅವಳನ್ನು ತೋಟದವ್ವ ಎನ್ನುತ್ತಿದ್ದೆವು. ಬಂಡ್ರಿ ಕಡೆಯವಳು. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಚಿತ್ತವಾಡ್ಗಿಯ ಒಂದು ಕೋಣೆಗೆ ಬಂದು, ಟಿ.ಬಿ. ಡ್ಯಾಮಿನ ಕ್ವಾರ್ಟರ್ಸುಗಳಲ್ಲಿ ತೋಟದ ಕೆಲಸ ಹಿಡಿದಿದ್ದಳು. ಮಗಳನ್ನು ಸಂಡೂರಿಗೆ ಕೊಟ್ಟ ಮೇಲೆ ಒಬ್ಬಳೇ ಇದ್ದಳು. ನಮ್ಮಪ್ಪ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಡ್ಯಾಮಿನ ಮಗ್ಗುಲಲ್ಲಿ ನೀರಿಗೇನು ಕೊರತೆ? ಹಿತ್ತಲಲ್ಲಿ ಪೇರಲ, ನುಗ್ಗೆ, ಬೇವು, ಬಾಳೆ ಒಂದರ ಮೇಲೊಂದು ಬಿದ್ದು ಬೆಳೆಯುತ್ತಿದ್ದವು. ವಾರಕ್ಕೆರಡು ದಿನ ಅವಳು ಬಂದು ಸವರಬೇಕು. ಸವರಿದ್ದನ್ನೆಲ್ಲ ಹೊರೆ ಕಟ್ಟಿ ಮನೆಗೆ ಒಯ್ಯುತ್ತಿದ್ದಳು. ಆ ಹೊರೆಯಿಂದಲೇ ಅವಳ ಒಲೆ ಉರಿಯಬೇಕು.

ಗಿಡಗಳನ್ನು ಅವಳು ಹಣ್ಣಿನಿಂದಲ್ಲ, ಉರಿಯಿಂದ ಅಳೆಯುತ್ತಿದ್ದಳು. ಪೇರಲ ಕಟ್ಟಿಗೆ ನಿಧಾನಕ್ಕೆ ಉರಿದು ಕೆಂಡ ಬಿಡುತ್ತದೆ, ರೊಟ್ಟಿಗೆ ಅದೇ ಬೇಕು. ಬೇವು ಪರವಾಗಿಲ್ಲ. ನುಗ್ಗೆ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಸುಳ್ಳು ಹೇಳೋ ಅಳಿಯ ಇದ್ದಂಗ ಅದು. ಹೊಗಿ ಭಾಳ, ಉರಿ ಇಲ್ಲ." ಹಾಗೆಂದು ಅದನ್ನು ಬಿಟ್ಟು ಹೋಗುತ್ತಿರಲಿಲ್ಲ. "ಒಲಿ ಏನು ಕೊಟ್ರೂ ಉಣ್ತೈತವ್ವ, ಅದಕ್ಕ ನಾಲಿಗಿ ಇಲ್ಲ" ಎಂದು ಅದನ್ನೂ ಹೊರೆಗೆ ಸೇರಿಸುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪನಿಗೆ ಗೊಬ್ಬರದ ಹುಚ್ಚು ಹಿಡಿಯಿತು. ತೋಟದ ಕಸವನ್ನು ಸಣ್ಣಗೆ ಕತ್ತರಿಸಿ ಬುಡಕ್ಕೆ ಹರಡಿದರೆ ಮಣ್ಣು ಚಿನ್ನವಾಗುತ್ತದೆ ಎಂದು ಯಾವುದೋ ಕೃಷಿ ಪತ್ರಿಕೆಯಲ್ಲಿ ಓದಿದ್ದ. ಕಂಪ್ಲಿಯ ರೈತರೊಬ್ಬರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಮೇವು ಕತ್ತರಿಸುವ ಯಂತ್ರ ತಂದು, ಅಲಗು ಮಸೆಸಿ, ಮೋಟರು ಕೂಡಿಸಿ, ಮೇಲೊಂದು ತಗಡಿನ ಬಾಯಿ ಮಾಡಿಸಿದ. ರೆಂಬೆ ತುರುಕಿದರೆ ಕೆಳಗೆ ನುಚ್ಚು ಬೀಳುತ್ತಿತ್ತು. ಸದ್ದಿಗೆ ಸಾಲಿನ ಮನೆಗಳವರೆಲ್ಲ ನೋಡಲು ಬಂದರು.

ಅಪ್ಪ ತೋಟದವ್ವನನ್ನು ಕರೆದು, ಈ ಮಣ್ಣಿನಲ್ಲಿ ಹುಟ್ಟಿದ್ದು ಈ ಮಣ್ಣಿಗೇ ಹೋಗಬೇಕು, ಇನ್ನು ಮೇಲೆ ಒಂದು ಕಡ್ಡಿಯೂ ಗೇಟು ದಾಟಬಾರದು ಎಂದ. ಅವಳು, ಎಲೆ ತೊಪ್ಪಲು ಎಲ್ಲ ನಿಮಗೇ ಇರಲಿ, ಹೆಬ್ಬೆರಳು ದಪ್ಪದ ಕಟ್ಟಿಗೆ ಮಾತ್ರ ಕೊಡಿ ಎಂದು ಕೇಳಿದಳು. ದಪ್ಪದ್ದರಲ್ಲೇ ಸತ್ವ ಇರುವುದು ಎಂದು ಅಪ್ಪ ಬುದ್ಧಿ ಹೇಳಿದ. ಅಂದಿನಿಂದ ತಾನು ಸವರಿದ ಪೇರಲ ರೆಂಬೆಗಳನ್ನು ತಾನೇ ಆ ತಗಡಿನ ಬಾಯಿಗೆ ಹಾಕುವುದು ಅವಳ ಕೆಲಸವಾಯಿತು.

ಆ ವರ್ಷ ನಾನು ಪಿ.ಯು.ಸಿ.ಯಲ್ಲಿ ಫೇಲಾಗಿ ಮನೆಯಲ್ಲಿದ್ದೆ. ರಿಸಲ್ಟು ಬಂದ ದಿನದಿಂದ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದ. ಬಡಿಸಿದರೆ ಉಣ್ಣುತ್ತಿದ್ದ, ಅಷ್ಟೆ. ಮಷೀನು ಬಂದ ಮೇಲೆ ಒಂದು ದಿನ ನನ್ನ ಕಡೆ ತಿರುಗಿ, "ಆಕಿ ಏನು ಒಯ್ತಾಳ ನೋಡ್ಕೋ" ಎಂದ. ನಾಲ್ಕು ತಿಂಗಳಲ್ಲಿ ಅವನು ನನಗೆ ಹೇಳಿದ ಮೊದಲ ಮಾತು ಅದು. ಅಂದಿನಿಂದ ನಾನು ಕಟ್ಟೆಯ ಮೇಲೆ ಕುಳಿತು ಅವಳನ್ನು ಕಾಯತೊಡಗಿದೆ.

ಮೂರನೆಯ ವಾರ ಸಿಕ್ಕಿಬಿದ್ದಳು. ಮೊಣಕೈ ಉದ್ದದ ಏಳೆಂಟು ಪೇರಲ ಕಡ್ಡಿಗಳನ್ನು ಅವಳು ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಳ್ಳುವುದನ್ನು ಕಂಡೆ. ನಾನು ಕಂಡದ್ದನ್ನು ಅವಳೂ ಕಂಡಳು. ನನ್ನನ್ನೇ ನೋಡಿದಳು, ಹೆಣ್ಣು ಹೆಣ್ಣನ್ನು ನೋಡುವ ಹಾಗೆ. ನಾನು ಒಳಗೆ ಹೋಗಿ ಅಪ್ಪನಿಗೆ ಹೇಳಿದೆ.

ಅಪ್ಪ ಬೈಯಲಿಲ್ಲ. ಎಡಬಲದ ಮನೆಯವರನ್ನು ಮಷೀನು ನೋಡಲು ಕರೆದ. ಅವರು ಬಂದು ನಿಂತ ಮೇಲೆ, ಸೀರೆಯೊಳಗಿರುವುದನ್ನು ತೆಗೆದು ಮಷೀನಿಗೆ ಹಾಕು ಎಂದು ಅವಳಿಗೆ ಹೇಳಿದ. ಗಂಡಸರ ಎದುರಿಗೆ ಅವಳು ಗೋಡೆಯ ಕಡೆ ತಿರುಗಿ ನೆರಿಗೆ ಬಿಚ್ಚಬೇಕಾಯಿತು. ಒಂದೊಂದೇ ಕಡ್ಡಿ ಹಾಕಿದಳು. ಯಾರೋ ನಕ್ಕರು. ಕೊನೆಯದು ಹಾಕಿ, "ಇದರ ಹೊಟ್ಟಿ ತುಂಬಿತೇನ್ರಿ ಸಾಹೇಬ್ರ?" ಎಂದಳು. ಅದಕ್ಕೂ ನಕ್ಕರು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ನನಗೆ ಇನ್ನೊಂದು ರೊಟ್ಟಿ ಹಾಕಿಕೋ ಎಂದ. ನಾನು ಹಾಕಿಕೊಂಡೆ. ರುಚಿಯಾಗಿತ್ತು.

ಅವಳು ಕೆಲಸ ಬಿಡಲಿಲ್ಲ. ಬಿಟ್ಟರೆ ಏನು ಉಣ್ಣಬೇಕು? ನಮ್ಮನ್ನು ನೋಡಿ ಇನ್ನೆರಡು ಮನೆಯವರೂ ಕಸವನ್ನು ನಮ್ಮಲ್ಲಿಗೇ ಕಳಿಸಹತ್ತಿದ್ದರು. ಹಾಗಾಗಿ ಅವಳು ಒಲೆಗೆಂದು ಕಾಲುವೆಯ ದಂಡೆಗೆ ಹೋಗಿ ಬಳ್ಳಾರಿ ಜಾಲಿ ಕಡಿಯತೊಡಗಿದಳು. ಜಾಲಿಯ ಮುಳ್ಳು ಚಪ್ಪಲಿಯನ್ನೇ ತೂರುತ್ತದೆ, ಅವಳಿಗೆ ಚಪ್ಪಲಿಯೂ ಇರಲಿಲ್ಲ. ಒಂದು ದಿನ ಕುಂಟುತ್ತ ಬಂದಳು. ಹಿಮ್ಮಡಿಯಲ್ಲಿ ಮುಳ್ಳು ಮುರಿದಿದೆ, ಪಿನ್ನಿನಿಂದ ತೆಗೆದು ಸುಣ್ಣ ಹಚ್ಚಿದ್ದೇನೆ ಎಂದಳು. ಅಪ್ಪ ಅವಳಿಗೆ ಮಷೀನಿನ ಮುಂದೆ ನಿಂತು ಮಾಡುವ ಕೆಲಸವನ್ನೇ ಕೊಟ್ಟ. ನಡೆದಾಡುವುದು ತಪ್ಪಿತಲ್ಲ ಎಂದ.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ನಮ್ಮವ್ವ ಚಹಾ ಕೊಟ್ಟಳು. ತೋಟದವ್ವ ಲೋಟವನ್ನು ತುಟಿಗೆ ಹಚ್ಚಿ ಹಾಗೇ ಕೆಳಗಿಟ್ಟಳು. ಅರ್ಧ ಚಹಾ ಗದ್ದದ ಮೇಲೆ ಸುರಿದಿತ್ತು. ಕಟ್ಟೆಯ ಮೇಲಿದ್ದ ನನ್ನ ಹತ್ತಿರ ಬಂದು ಹಲ್ಲು ಕಚ್ಚಿಕೊಂಡೇ ಹೇಳಿದಳು: "ಬಾಯಿ ತೆರಿಯಾಕ ಬರವಲ್ದವ್ವ. ನಿನ್ನಿಯಿಂದ."

ನಾನು ಅವ್ವನ ಕಡೆ ನೋಡಿದೆ. ಅವ್ವ, "ಸೊಕ್ಕು. ಚಹಾ ಸೇರಂಗಿಲ್ಲ ಈಗ" ಎಂದಳು. ತೋಟದವ್ವ ಇನ್ನೂ ನನ್ನ ಎದುರೇ ನಿಂತಿದ್ದಳು. ಅವಳ ಮುಖ ನಗುತ್ತಿರುವಂತೆ ಎಳೆದುಕೊಂಡಿತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ. ಕೆಲಸ ಮಾಡು ಹೋಗು, ಸರಿಯಾಗುತ್ತದೆ ಎಂದೆ.

ಅಪ್ಪ ಸ್ವಿಚ್ಚು ಹಾಕಿದ. ಸದ್ದು ಎದ್ದ ಕೂಡಲೇ ಅವಳ ಮೈ ಹಿಂದಕ್ಕೆ ಬಿಲ್ಲಿನಂತೆ ಬಾಗಿತು. ಕೆಲಸ ತಪ್ಪಿಸಲು ಆಟ ಕಟ್ಟುತ್ತಿದ್ದಾಳೆ ಎಂದುಕೊಂಡು ನಾನು ಜೋರಾಗಿ ನಕ್ಕೆ. ಅವಳು ನುಚ್ಚಿನ ರಾಶಿಯ ಮೇಲೆ ಬಿದ್ದಳು. ಸದ್ದು ಏರಿದಂತೆಲ್ಲ ಅವಳು ಅದುರುತ್ತಿದ್ದಳು. ತಗಡಿನ ಬಾಯಿಗೆ ಮೊದಲೇ ಹಾಕಿದ್ದ ಬೇವಿನ ರೆಂಬೆ ಪೂರ್ತಿ ಮುಗಿದ ಮೇಲೆಯೇ ಅಪ್ಪ ಮಷೀನು ನಿಲ್ಲಿಸಿದ್ದು. ನಡುವೆ ನಿಲ್ಲಿಸಿದರೆ ಅಲಗು ಸಿಕ್ಕಿಕೊಳ್ಳುತ್ತದೆ ಎಂದ.

ಪಕ್ಕದ ಮನೆಯವರ ಜೀಪಿನಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಧನುರ್ವಾಯು ಎಂದು ಗೊತ್ತಾಯಿತು. ಸದ್ದು, ಬೆಳಕು ಎರಡೂ ಆಗದೆಂದು ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರಂತೆ. ನಾವು ಯಾರೂ ಹೋಗಲಿಲ್ಲ. ಮೂರನೆಯ ದಿನ ತೀರಿಕೊಂಡಳು. ಅಪ್ಪ ಆ ವಾರವೇ ಬೇರೊಬ್ಬಳನ್ನು ಹುಡುಕಿದ. ನುಚ್ಚು ಉಂಡ ಪೇರಲ ಆ ಸಲ ರೆಂಬೆ ಮುರಿಯುವಷ್ಟು ಕಾಯಿ ಬಿಟ್ಟಿತು. ನನ್ನೊಡನೆ ಅಪ್ಪನ ಮಾತು ಮೊದಲಿನಂತಾಯಿತು.

ಅವಳು ಸತ್ತ ಐದನೆಯ ದಿನ ಅವ್ವ ನನ್ನ ಕೈಯಲ್ಲಿ ಎರಡು ಸೇರು ಅಕ್ಕಿ ಕೊಟ್ಟು ಚಿತ್ತವಾಡ್ಗಿಗೆ ಕಳಿಸಿದಳು. ಸಂಡೂರಿನಿಂದ ಮಗಳು ಬಂದಿದ್ದಳು. ಅದಿರು ತುಂಬುವ ಕೆಲಸದವಳು, ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ನನ್ನನ್ನು ಚಾಪೆಯ ಮೇಲೆ ಕೂಡಿಸಿ, ಸುತ್ತ ಕುಳಿತ ಹೆಂಗಸರಿಗೆ ಇವರು ಡ್ಯಾಮಿನ ಸಾಹೇಬರ ಮಗಳು, ನಮ್ಮವ್ವ ಇವರ ಮನೆಯಲ್ಲೇ ದುಡಿಯುತ್ತಿದ್ದಳು ಎಂದು ಮರ್ಯಾದೆಯಿಂದ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಾಯಿ ಯಾವಾಗಿಂದ ಬಿಗದಿತ್ತು ಅಂತ ಡಾಕ್ಟ್ರು ಕೇಳಿದ್ರು, ನನಗೇನ್ ಗೊತ್ತ್ರಿ. ಮೈ ಸೆಟಿಯೋ ಮೊದಲು ತಂದಿದ್ರ ನೋಡಬಹುದಿತ್ತು ಅಂದ್ರು. ನಿಮ್ಮ ಮುಂದ ಏನರ ಅಂದಿದ್ಲೇನ್ರಿ?"

ಏನೂ ಅಂದಿರಲಿಲ್ಲ ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಮ್ಮವ್ವ ಮೊದಲಿನಿಂದಲೂ ಹಾಗೆ, ಸಾಯುವ ನೋವಿದ್ದರೂ ಯಾರ ಮುಂದೂ ಬಾಯಿ ಬಿಟ್ಟವಳಲ್ಲ ಎಂದು ಹೆಂಗಸರಿಗೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇತ್ತು. ಹೌದೇನ್ರಿ ಎನ್ನುವಂತೆ ಎಲ್ಲರೂ ನನ್ನನ್ನು ನೋಡಿದರು. ಹೌದು ಎಂದು ತಲೆಯಾಡಿಸಿದೆ.